ಹಳೆಯ ಮನೆಗಳಿಗೆ ಸಿಮೆಂಟ್ ಬೇಡ, ಸುಣ್ಣವೇ ಇರಲಿ

ಸಂಪಾದಕರೇ,

ಮಣ್ಣು–ಸುಣ್ಣದಲ್ಲಿ ಕಟ್ಟಿದ ಹಳೆಯ ಹಂಚಿನ ಮನೆಗಳನ್ನು ದುರಸ್ತಿ ಮಾಡುವಾಗ ಗೋಡೆಗೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಪೇಂಟ್ ಬಳಿಯುವ ರೂಢಿ ನಿಲ್ಲಬೇಕು. ರವಿವಾರ ಮಕ್ಕಳೊಂದಿಗೆ ಧಾರವಾಡಕ್ಕೆ ಬರುವ ಕುಟುಂಬಗಳು ಸಾಧನಕೇರಿಯ ಬೇಂದ್ರೆಯವರ ಮನೆಯನ್ನೂ ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’ವನ್ನೂ ನೋಡಿಯೇ ಹೋಗುತ್ತವೆ. ಇಂಥ ಮನೆಗಳು ನಮ್ಮ ಊರಿನ ನಿಜವಾದ ಆಸ್ತಿ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಣ್ಣಿನ ಗೋಡೆ ಬುಡದಿಂದ ತೇವ ಹೀರುತ್ತದೆ. ಸುಣ್ಣದ ಗಿಲಾವು ಆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒಳಗೇ ಉಳಿದ ನೀರು ಮೇಲೇರಿ, ಉಪ್ಪು ಒಸರಿ, ಗಿಲಾವು ಹಪ್ಪಳದಂತೆ ಕಳಚುತ್ತದೆ. ಗೋಡೆಯಲ್ಲಿ ಹುದುಗಿದ ತೊಲೆಯ ತುದಿಗಳೂ ಕೊಳೆಯುತ್ತವೆ. ಮೇಲಿನಿಂದ ಮತ್ತೆ ಸಿಮೆಂಟ್ ಮೆತ್ತಿದರೆ ರೋಗ ಹೆಚ್ಚುತ್ತದಷ್ಟೆ. ಅಂಗಳದ ಕೈತೋಟವೂ ಕೆಲವೊಮ್ಮೆ ಕಾರಣ: ಗೋಡೆಗೆ ತಾಗಿಸಿ ಮಡಿ ಮಾಡಿ ದಿನವೂ ನೀರುಣಿಸಿದರೆ ಬುನಾದಿ ಆರುವುದೇ ಇಲ್ಲ. ಗಿಡ ಕನಿಷ್ಠ 3 ಅಡಿ ದೂರವಿರಲಿ, ನೆಲದ ಇಳಿಜಾರು ಹೊರಮುಖವಾಗಿರಲಿ.

ಸ್ಮಾರಕ ಮನೆಗಳ ಹೊಣೆ ಹೊತ್ತ ಟ್ರಸ್ಟ್‌ಗಳು ಮೇ ತಿಂಗಳಲ್ಲಿ ಒಡೆದ ಹಂಚು ಬದಲಿಸಿ, ಮಾಡಿನ ನೀರು ಹರಿಯುವ ದೋಣಿಗಳಲ್ಲಿನ ಕಸ ತೆಗೆಸಲಿ. ಗಿಲಾವಿನ ಕೆಲಸವನ್ನು ಮಳೆ ನಿಂತ ಮೇಲೆ, ಎರಡು ವಾರವಾದರೂ ನೆನೆಸಿದ 1 ಪಾಲು ಸುಣ್ಣಕ್ಕೆ 3 ಪಾಲು ಜರಡಿ ಹಿಡಿದ ಮರಳು ಸೇರಿಸಿ, ಅದನ್ನು ಬಲ್ಲ ಹಿರಿಯ ಗೌಂಡಿಗಳಿಂದಲೇ ಮಾಡಿಸಲಿ. ಟೆಂಡರ್ ಪತ್ರದಲ್ಲೇ ‘ಸಿಮೆಂಟ್ ಬಳಸುವಂತಿಲ್ಲ’ ಎಂದು ಬರೆಯಿಸುವುದು ಉತ್ತಮ.

– ಓದುಗ, ಧಾರವಾಡ