ಬೀಡಿನ ಬಿರುಕಿಗೆ ಸಾದಾ ರಾಡ್ ಬೇಡ

ಮಾನ್ಯ ಸಂಪಾದಕರೇ,

ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ಬೀಡು (ಎರಕದ) ಕಬ್ಬಿಣದ ಫ್ರೇಮು ಬಿರುಕು ಬಿಟ್ಟರೆ, ಒಂದೋ ಗುಜರಿಗೆ ಹೋಗುತ್ತದೆ, ಇಲ್ಲವೇ ಗೇಟು, ಗ್ರಿಲ್ಲಿಗೆ ಬಳಸುವ ಸಾದಾ ಉಕ್ಕಿನ ವೆಲ್ಡಿಂಗ್ ರಾಡಿನಲ್ಲೇ ಬೆಸುಗೆಯಾಗಿ ವಾಪಸ್ ಬರುತ್ತದೆ. ನೋಡಲು ಗಟ್ಟಿಯಾಗಿಯೇ ಇರುತ್ತದೆ. ಆದರೆ ಆರುವಾಗಲೇ ‘ಟಿಕ್’ ಎಂದು ಸದ್ದಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಬೆಸುಗೆಯ ಅಂಚಿನುದ್ದಕ್ಕೂ ಕೂದಲೆಳೆಯಂಥ ಹೊಸ ಗೆರೆ.

ತಪ್ಪು ಬೀಡಿನದಲ್ಲ. ಅದರಲ್ಲಿ ಇಂಗಾಲ ಶೇ 3ರ ಆಸುಪಾಸಿನಲ್ಲಿರುತ್ತದೆ. ಕರಗಿದಾಗ ಅದು ಸಾದಾ ರಾಡಿನ ಉಕ್ಕಿಗೆ ಬೆರೆತು, ಬೇಗ ಆರಿದರೆ ಗಾಜಿನಂತೆ ಪೆಡಸಾಗುತ್ತದೆ, ಡ್ರಿಲ್ಲಿನ ಮೊನೆಯೂ ಇಳಿಯುವುದಿಲ್ಲ. ಬೆಸುಗೆ ಕುಗ್ಗುತ್ತಾ ಪಕ್ಕದ ಬೀಡನ್ನು ಎಳೆಯುತ್ತದೆ. ಬೀಡು ಎಷ್ಟು ಭಾರ ಹೇರಿದರೂ ತಾಳೀತು, ಎಳೆತ ತಾಳದು.

ಮೊದಲು ಬಿರುಕು ಎಲ್ಲಿಗೆ ಮುಗಿಯುತ್ತದೆ ಎಂದು ಗುರುತಿಸಬೇಕು. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದರೆ ಒಳಗಿನ ಎಣ್ಣೆ ಒಸರಿ ಗೆರೆ ತಾನಾಗಿ ಮೂಡುತ್ತದೆ. ಎರಡೂ ತುದಿಗಳಿಂದ ತುಸು ಮುಂದೆ 3 ಮಿ.ಮೀ. ತೂತು ಕೊರೆಯದಿದ್ದರೆ ಬಿರುಕು ಮುಂದಕ್ಕೆ ಓಡುತ್ತದೆ. ಆಮೇಲೆ ಬಿರುಕಿನುದ್ದಕ್ಕೂ 60–70 ಡಿಗ್ರಿಯ ‘ವಿ’ ಆಕಾರದಲ್ಲಿ ಕೊರೆಯಬೇಕು. ಹಳೆಯ ಬೀಡು ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಗ್ಯಾಸ್ ಜ್ವಾಲೆಯಲ್ಲಿ ಹೊಗೆ ನಿಲ್ಲುವವರೆಗೂ ಹದವಾಗಿ ಕಾಯಿಸದಿದ್ದರೆ ಬೆಸುಗೆಯ ತುಂಬಾ ಸೂಜಿತೂತುಗಳು.

ರಾಡು ನಿಕ್ಕಲ್‌ನದೇ ಆಗಬೇಕು. ಮತ್ತೆ ಕೊರೆದು ನಯಮಾಡುವ ಜಾಗಕ್ಕೆ ಶುದ್ಧ ನಿಕ್ಕಲ್, ದಪ್ಪ ಫ್ರೇಮಿಗೆ ಶೇ 55ರಷ್ಟು ನಿಕ್ಕಲ್ ಇರುವ ನಿಕ್ಕಲ್–ಕಬ್ಬಿಣದ ರಾಡು. ಕರೆಂಟು ಕಡಿಮೆ ಇಟ್ಟು, ಒಂದು ಸಲಕ್ಕೆ 25 ಮಿ.ಮೀ. ಉದ್ದ ಮಾತ್ರ ಬೆಸೆದು, ಬಿಸಿಯಿರುವಾಗಲೇ ಸುತ್ತಿಗೆಯ ಗುಂಡು ಮುಖದಿಂದ ಹಗುರವಾಗಿ ತಟ್ಟಬೇಕು. ಈ ತಟ್ಟುವಿಕೆಯೇ ಎಳೆತವನ್ನು ಸಡಿಲಿಸುವುದು. ಪಕ್ಕದಲ್ಲಿ ಬರಿಗೈ ಇಡುವಷ್ಟು ಆರಿದ ಮೇಲೆ ಮುಂದಿನ ತುಂಡು, ಅದೂ ಬೇರೆ ಜಾಗದಲ್ಲಿ. ಕೊನೆಗೆ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ರಾತ್ರಿಯಿಡೀ ಹೂತಿಡಬೇಕು. ಬೆಳಿಗ್ಗೆಯೇ ಗಾಣ ತಿರುಗಬೇಕೆಂದು ನೀರು ಹೊಯ್ದರೆ ಮಾಡಿದ್ದೆಲ್ಲ ಹಾಳು.

ಮತ್ತೆ ಕೂರಿಸುವಾಗ ಅಡಿಪಾಯದ ಮಟ್ಟ ನೋಡಲೇಬೇಕು. ಅಡಿಯಲ್ಲಿ ಸಂದು ಬಿಟ್ಟು ಬೋಲ್ಟ್ ಬಿಗಿದರೆ ಫ್ರೇಮು ತಿರುಚಿಕೊಂಡು ಹೊಸ ಜಾಗದಲ್ಲಿ ಸೀಳುತ್ತದೆ. ಸಂದಿಗೆ ತೆಳು ತಗಡು ಕೊಟ್ಟು ಬಿಗಿಯಬೇಕು. ಫ್ಲೈವೀಲನ್ನು (ಗಾಣದ ಭಾರದ ಚಕ್ರ) ಮಾತ್ರ ಯಾರೂ ವೆಲ್ಡ್ ಮಾಡಬಾರದು. ತಿರುಗುವಾಗ ಒಡೆದರೆ ಎದುರಿಗಿದ್ದವರ ಪ್ರಾಣಕ್ಕೇ ಅಪಾಯ.

ಇದು ವಾರದಲ್ಲಿ ಕಲಿಸಬಹುದಾದ ಕೆಲಸ. ಮಂಡ್ಯ, ಬೆಳಗಾವಿಯಂಥ ಕಬ್ಬಿನ ಜಿಲ್ಲೆಗಳ ಐಟಿಐಗಳು ಹಂಗಾಮಿಗೆ ಮುಂಚೆ ಹಳ್ಳಿಯ ವೆಲ್ಡರ್‌ಗಳನ್ನು ಕರೆದು, ನಿಜವಾಗಿ ಒಡೆದ ಗಾಣದ ಫ್ರೇಮುಗಳ ಮೇಲೆಯೇ ತರಬೇತಿ ಕೊಡಲಿ. ನಿಕ್ಕಲ್ ರಾಡು ದುಬಾರಿ; ಒಂದು ಬಿರುಕಿಗೆ ಇಡೀ ಪೊಟ್ಟಣ ಕೊಳ್ಳಲಾಗದೆ ಎಷ್ಟೋ ಜನ ಸಾದಾ ರಾಡಿಗೆ ಕೈ ಹಾಕುತ್ತಾರೆ. ಅಂಗಡಿಯವರು ತೇವ ತಾಗದಂತೆ ಇಟ್ಟು ಬಿಡಿಯಾಗಿ ಹತ್ತು ರಾಡು ಮಾರಿದರೂ ಒಂದು ಗಾಣ ಉಳಿಯುತ್ತದೆ.

– ವೆಲ್ಡಿಂಗ್ ಕೆಲಸಗಾರರು, ಮಂಡ್ಯ