ಅಪ್ಪ ಓಡಿಸಿದ ಲಾರಿಯನ್ನೇ ಬರೆ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಕಾರ್ಗಿಲ್ ಯುದ್ಧ ನಡೆದಾಗ ನೀನಿನ್ನೂ ತೊಟ್ಟಿಲ ಕೂಸು. ಆಗ ನಿಮ್ಮಪ್ಪ ಏನು ಮಾಡಿದರು ಎಂದು ಇಷ್ಟು ವರ್ಷದ ಮೇಲೆ ಬರೆಯಲು ಕೂತೆಯಲ್ಲ, ನನಗೆ ಬಹಳ ಸಂತೋಷವಾಯಿತು. ಆದರೆ ಅದರಲ್ಲಿ ಟೋಲೋಲಿಂಗ್ ಶಿಖರ ಕಂಡಿತು, ಟೈಗರ್ ಹಿಲ್ ಕಂಡಿತು, ನಿಮ್ಮಪ್ಪ ಕಾಣಲಿಲ್ಲ. 'ಸಾಗಣೆ ವಿಭಾಗದಲ್ಲಿದ್ದರು' ಎಂಬ ಒಂದು ಸಾಲಿನಲ್ಲಿ ಬಂದು ಹೋಗಿಬಿಟ್ಟರು. ಅಪ್ಪ ಡ್ರೈವರ್ ಆಗಿದ್ದರು ಎಂದು ನೇರವಾಗಿ ಬರೆಯಲು ನಿನಗೆ ಸಂಕೋಚವಾಯಿತೇನೋ.

ಆ ಯುದ್ಧ ನಡೆದದ್ದೇ ಬಹುಮಟ್ಟಿಗೆ ಒಂದು ರಸ್ತೆಯ ಸಲುವಾಗಿ, ತಂಗಿ. ಶ್ರೀನಗರದಿಂದ ಜೋಜಿಲಾ ದಾಟಿ, ದ್ರಾಸ್, ಕಾರ್ಗಿಲ್ ಹಾದು ಲೇಹ್ ಮುಟ್ಟುವ ಹೆದ್ದಾರಿ. 1999ರ ಬೇಸಿಗೆಯಲ್ಲಿ ನುಸುಳಿ ಬಂದವರು ಏರಿ ಕೂತಿದ್ದ ಶಿಖರಗಳಿಂದ ಆ ರಸ್ತೆ ನೇರ ಕಣ್ಣಿಗೆ ಬೀಳುತ್ತಿತ್ತು. ಅವರು ಮೇಲಿನಿಂದ ಗುರಿ ಹೇಳಿದರೆ ಗಡಿಯಾಚೆಯಿಂದ ಷೆಲ್ ಬಂದು ಬೀಳುತ್ತಿದ್ದವು. ಅದಕ್ಕೇ ಲಾರಿಗಳು ರಾತ್ರಿ ಹೊತ್ತು ಹೆಡ್‌ಲೈಟ್ ಆರಿಸಿಕೊಂಡು ಸಾಗಬೇಕಾಯಿತು. ಜೋಜಿಲಾ ಸುಮಾರು 11,500 ಅಡಿ ಎತ್ತರದ ಕಣಿವೆ ದಾರಿ. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದಕ್ಕೆ ಪ್ರಪಾತ. ಬೋಫೋರ್ಸ್ ತೋಪಿನ ಒಂದೊಂದು ಷೆಲ್ 40 ಕಿಲೋಗೂ ಹೆಚ್ಚು ತೂಗುತ್ತದೆ. ನಮ್ಮ ತೋಪುಪಡೆ ಆ ಯುದ್ಧದಲ್ಲಿ ಹಾರಿಸಿದ ಷೆಲ್, ರಾಕೆಟ್ಟುಗಳು ಎರಡೂವರೆ ಲಕ್ಷದಷ್ಟು. ಅವನ್ನು ಅಷ್ಟು ಮೇಲಕ್ಕೆ ಮುಟ್ಟಿಸಿದವರು ನಿಮ್ಮಪ್ಪನಂಥವರು. ಬೆನ್ನ ಹಿಂದೆ ಮದ್ದುಗುಂಡು ಹೇರಿಕೊಂಡು, ಕತ್ತಲೆಯಲ್ಲಿ, ಷೆಲ್ ಬೀಳುವ ರಸ್ತೆಯಲ್ಲಿ. ಸೇನೆಗೆ ಸಾಮಾನು ಸರಂಜಾಮು ಮುಟ್ಟಿಸುವ ಅವರ ಆರ್ಮಿ ಸರ್ವಿಸ್ ಕೋರಿನ ಧ್ಯೇಯವಾಕ್ಯ 'ಸೇವಾ ಅಸ್ಮಾಕಂ ಧರ್ಮಃ', ಸೇವೆಯೇ ನಮ್ಮ ಧರ್ಮ ಎಂದು. ಬೆಂಗಳೂರಿನ ತರಬೇತಿಯಲ್ಲಿ ಅದನ್ನು ದಿನಾ ನೋಡಿರುತ್ತಾರೆ. ನೀನದನ್ನು ಒಂದು ಸಲವೂ ಬರೆದಿಲ್ಲ.

'ಅಪ್ಪ ಯುದ್ಧದ ಮಾತೇ ಆಡುವುದಿಲ್ಲ' ಎಂದಿದ್ದೀ. ಹೆದರಿಕೆ ಆಗಿತ್ತಾ ಎಂದು ಕೇಳಿದರೆ ಯಾವ ಅಪ್ಪನೂ ಹೇಳುವುದಿಲ್ಲ. ಗಾಡಿಯ ಬಗ್ಗೆ ಕೇಳು. ಶಕ್ತಿಮಾನ್ ಇತ್ತೋ, ಸ್ಟಾಲಿಯನ್ ಕೊಟ್ಟಿದ್ದರೋ? ಆ ಚಳಿಯಲ್ಲಿ ಬೆಳಿಗ್ಗೆ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತಿತ್ತು? ಬೆಳಕಿಲ್ಲದೆ ರಸ್ತೆಯ ಅಂಚು ಹೇಗೆ ತಿಳಿಯುತ್ತಿತ್ತು? ಜೊತೆಗಿದ್ದವರು ಕೆಳಗಿಳಿದು ಮುಂದೆ ನಡೆದು ದಾರಿ ತೋರಿಸುತ್ತಿದ್ದರೋ? ಎದುರಿಗೆ ಗಾಡಿ ಬಂದರೆ ಯಾರು ಹಿಂದೆ ಸರಿಯಬೇಕಿತ್ತು? ಡ್ರೈವರ್ ಆದವರು ಇದಕ್ಕೆಲ್ಲ ಮನಸ್ಸು ಬಿಚ್ಚಿ ಹೇಳುತ್ತಾರೆ. ಅದರ ನಡುವೆ ಎಲ್ಲಿಯೋ ಮಾತು ನಿಲ್ಲುತ್ತದೆ. ನಿಂತಲ್ಲಿ ನೀನೂ ನಿಲ್ಲು, ಕಲ್ಪಿಸಿ ತುಂಬಬೇಡ. ನಿನ್ನ ಕೃತಜ್ಞತೆ ದೊಡ್ಡ ಮಾತುಗಳಲ್ಲಿ ಇರಬೇಕಾಗಿಲ್ಲ. ಅವರ ಕೈ ಸ್ಟಿಯರಿಂಗ್ ಮೇಲೆ ಏನು ಮಾಡಿತು ಎಂದು ಸರಿಯಾಗಿ ತಿಳಿದು ಬರೆದರೆ ಅದೇ ಕೃತಜ್ಞತೆ.

ಇನ್ನು ಬನಶಂಕರಿಯ ಮಾತು. 'ತಾಯಿಯೇ ಅಪ್ಪನನ್ನು ಕಾಪಾಡಿದಳು' ಎಂದು ಬರೆದಿದ್ದೀ. ನಾನೂ ಆ ತಾಯಿಗೆ ಕೈಮುಗಿಯುವವನೇ, ತೆಗೆದುಹಾಕು ಎನ್ನುವುದಿಲ್ಲ. ಆದರೆ ಆ ಯುದ್ಧದಲ್ಲಿ 527 ಯೋಧರು ತೀರಿಕೊಂಡರು. ಆ ಮನೆಗಳಲ್ಲೂ ದೀಪ ಹಚ್ಚಿದ್ದರು, ಹರಕೆ ಹೊತ್ತಿದ್ದರು. ಅಂಥ ಒಬ್ಬ ತಾಯಿ ನಿನ್ನ ಸಾಲು ಓದಿದರೆ ಅವಳಿಗೆ ಏನನಿಸೀತು? ಅವಳನ್ನು ಎದುರಿಗೆ ಕೂರಿಸಿಕೊಂಡು ಆ ಭಾಗವನ್ನು ಮತ್ತೆ ಬರೆ. ಅದಕ್ಕೆ ಬೇಕಾದದ್ದೆಲ್ಲ ನಿನ್ನ ಹತ್ತಿರವೇ ಇದೆ. ನಿಮ್ಮವ್ವ ಶುಕ್ರವಾರ ಒಪ್ಪೊತ್ತು ಇದ್ದದ್ದು, ಅಪ್ಪ ಬಂದ ಮೇಲೆ ಗುಡಿಗೆ ಹೋಗಿ ದೀಡ ನಮಸ್ಕಾರ ಹಾಕಿದ್ದು, ಸೇನೆಯ ಅಂಚೆಯ '56 ಎಪಿಒ' ಮುದ್ರೆ ಬಿದ್ದ ಇನ್‌ಲ್ಯಾಂಡ್ ಪತ್ರಗಳನ್ನು ದೇವರ ಜಗಲಿಯ ಮೇಲೆ ಇಟ್ಟದ್ದು. 'ನಾ ಆರಾಮ ಅದೀನಿ' ಎಂದು ಅಪ್ಪ ಬರೆದ ದಿನಕ್ಕೂ ಅದು ಮನೆಗೆ ಮುಟ್ಟಿದ ದಿನಕ್ಕೂ ನಡುವೆ ಎಷ್ಟೋ ರಾತ್ರಿ ಕಳೆದಿರುತ್ತಿದ್ದವು. ಓದುವ ಹೊತ್ತಿಗೆ ಅದು ಇನ್ನೂ ನಿಜವೇ ಎಂದು ಅವ್ವನಿಗೆ ಗೊತ್ತಾಗುವ ಹಾಗಿರಲಿಲ್ಲ. ಆದರೂ ಎದ್ದು ನಿನಗೆ ಹಾಲು ಕುಡಿಸಿ, ರೊಟ್ಟಿ ಬಡಿದು, ಸಂಜೆ ದೀಪ ಹಚ್ಚುತ್ತಿದ್ದರು. ಅವರ ನಂಬಿಕೆ ಬದುಕಿದ್ದು ಆ ದಿನಗಳಲ್ಲಿ. ಅದನ್ನು ಬರೆದರೆ ಗಂಡ ಮರಳಿ ಬಾರದ ಮನೆಯವರೂ ನಿನ್ನ ಪಕ್ಕದಲ್ಲಿ ಕೂತು ಓದಬಲ್ಲರು.

ಇನ್ನೊಂದು. ಅಪ್ಪ ಜುಲೈ 26ಕ್ಕೆ ಊಟ ಬಿಡುತ್ತಾರೆ ಎಂದು ಹೇಳಿ ಮುಂದೆ ಹೋಗಿಬಿಟ್ಟಿದ್ದೀ. ದೇಶವೆಲ್ಲ ವಿಜಯೋತ್ಸವ ಮಾಡುವ ದಿನ ಅವರು ಯಾರಿಗಾಗಿ ಉಪವಾಸ ಇರುತ್ತಾರೆ? ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲು. ಕೇಳಿ ನೋಡು. ಹೆಸರು ಹೇಳಿದರೆ, ಬರೆಯಲೋ ಎಂದು ಅವರನ್ನೇ ಕೇಳು, ಬೇಡವೆಂದರೆ ಬಿಟ್ಟುಬಿಡು.

ಶಿಖರಗಳ ಮೇಲಿನ ಮೊದಲ ಎರಡು ಪುಟ ತೆಗೆದು ಜೋಜಿಲಾದಿಂದ ಶುರು ಮಾಡು. ಬರೆದಾದ ಮೇಲೆ ಅಪ್ಪ ಅವ್ವ ಇಬ್ಬರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದು, ಅವರು ತಿದ್ದಿದ್ದನ್ನು ತಿದ್ದು, ಆಮೇಲೆ ನನಗೆ ಕಳಿಸು.

ಇಂತಿ,
ನಿನ್ನ ಕಾಕಾ