ಸರ್ಕಾರಿ ಆಸ್ಪತ್ರೆಯ ಟೋಕನ್ ಸಾಲಿನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ಹೆಸರು ಕೇಳುವಷ್ಟರಲ್ಲಿ ನಿಮ್ಮ ಟೋಕನ್ ಕೂಗಿದರು. ಅಪ್ಪನ ಹೃದಯದ ಚಿಕಿತ್ಸೆಗೆ ಒಡವೆ ಅಡ ಇಡಬೇಕು ಅಂತ ನಾನು ಫೋನಲ್ಲಿ ಹೇಳ್ತಿದ್ದುದನ್ನು ಕೇಳಿಸಿಕೊಂಡು, ಚೀಲದಲ್ಲಿದ್ದ ಬಿಪಿಎಲ್ ಕಾರ್ಡ್ ಈಚೆ ತೆಗೆಸಿದವರು ನೀವು. "ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಆರೋಗ್ಯ ಯೋಜನೆಗೆ ಪ್ರೀಮಿಯಂ ಕಟ್ಟೋದೇ ಬೇಡ, ಮನೆಮಂದಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತೆ" ಅಂದಿರಿ. ಅದಕ್ಕಿಂತ ದೊಡ್ಡ ಉಪಕಾರ ಅಂದ್ರೆ, ಖಾಸಗಿ ಆಸ್ಪತ್ರೆಗೆ ಓಡುವ ಮುಂಚೆ ಈ ಸರ್ಕಾರಿ ಆಸ್ಪತ್ರೆಯಲ್ಲೇ ರೆಫರಲ್ ಪತ್ರ ಬರೆಸಿಕೊಳ್ಳಿ ಎಂದದ್ದು. ತುರ್ತಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಆ ಚೀಟಿಯೇ ಮುಖ್ಯ. (ಇದನ್ನು ಬಾಗಿಲಲ್ಲೇ ದೊಡ್ಡಕ್ಷರದಲ್ಲಿ ಬರೆದು ಹಾಕಬಾರದೇ?) ಅಪ್ಪನಿಗೆ ಸ್ಟೆಂಟ್ ಹಾಕಿದರು, ಸಾಲ ಮಾಡಬೇಕಾಗಲಿಲ್ಲ. ಯಾವೂರಿನವರೋ ನೀವು, ನಿಮ್ಮ ಮಂಡಿನೋವು ಬೇಗ ವಾಸಿಯಾಗಲಿ. ತುಂಬಾ ಥ್ಯಾಂಕ್ಸ್ ಅಕ್ಕ.